ಕೆಂಪು ಕಾಲಿನ ಈ ಹಕ್ಕಿ ಕೊಕ್ಕರೆ ಮರಿಯೇ?

ಪ್ರಶ್ನೆ: ನೀರು ಇಳಿದ ಕೆರೆಯಂಚಿಗೆ ಕಪ್ಪು-ಬಿಳುಪಿನ ಹಕ್ಕಿಗಳು ಹಿಂಡಾಗಿ ಬಂದಿವೆ. ಕಾಲು ಕೆಂಪು, ತುಂಬಾ ಉದ್ದ. ಕೊಕ್ಕರೆ ಮರಿ ಅಂತಾರೆ, ನಿಜವೇ? ಮಂಡಿ ಹಿಂದಕ್ಕೆ ಮಡಚುವುದು ಹೇಗೆ?

ಉತ್ತರ: ಅಲ್ಲ, ಕೊಕ್ಕರೆಗೂ ಇದಕ್ಕೂ ಸಂಬಂಧವಿಲ್ಲ. ನೀವು ನೋಡಿರುವುದು ಮೆಟ್ಟುಗಾಲು ಹಕ್ಕಿ ಇರಬೇಕು, ಇಂಗ್ಲಿಷಿನಲ್ಲಿ ಬ್ಲ್ಯಾಕ್ ವಿಂಗ್ಡ್ ಸ್ಟಿಲ್ಟ್. ಕೊಕ್ಕು ಹೇಗಿತ್ತು ಅಂತ ನೀವು ಬರೆದಿಲ್ಲ, ಮುಖ್ಯವಾಗಿ ನೋಡಬೇಕಾದ್ದು ಅದನ್ನೇ. ಸೂಜಿಯ ಹಾಗೆ ತೆಳ್ಳಗೆ, ನೇರವಾಗಿ, ಕಪ್ಪಗಿದ್ದರೆ ಇದೇ ಹಕ್ಕಿ. ತುದಿ ಮೇಲಕ್ಕೆ ಬಾಗಿ ಕಾಲು ನೀಲಿ-ಬೂದು ಬಣ್ಣ ಇದ್ದರೆ ಅದು ಆವೊಸೆಟ್. ರೆಡ್‌ಶ್ಯಾಂಕ್‌ಗೂ ಕಾಲು ಕೆಂಪೇ, ಆದರೆ ಇಷ್ಟು ಉದ್ದವಿಲ್ಲ, ಮೈ ಕಂದು. ಇನ್ನೂ ಅನುಮಾನ ಇದ್ದರೆ ಹಾರುವವರೆಗೆ ಕಾಯಿರಿ: ಕಾಲುಗಳು ಬಾಲ ದಾಟಿ ಹಿಂದೆ ಎರಡು ಕೆಂಪು ಕಡ್ಡಿಗಳ ಹಾಗೆ ಚಾಚಿಕೊಂಡಿರುತ್ತವೆ. ಗಂಡಿನ ಬೆನ್ನು ಹೊಳೆಯುವ ಕಪ್ಪು, ಹೆಣ್ಣಿನದು ಸ್ವಲ್ಪ ಕಂದು.

ಮಂಡಿ ವಿಚಾರ ಚೆನ್ನಾಗಿ ಕೇಳಿದಿರಿ. ಹಿಂದಕ್ಕೆ ಮಡಚುವುದು ಮಂಡಿಯಲ್ಲ, ಹಿಮ್ಮಡಿಯ ಗಂಟು. ನಿಜವಾದ ಮಂಡಿ ಮೇಲೆ, ಗರಿಗಳ ಒಳಗೆ ಮರೆಯಾಗಿದೆ. ಮೈಯ ಅಳತೆಗೆ ಹೋಲಿಸಿದರೆ ಇದಕ್ಕಿಂತ ಉದ್ದ ಕಾಲು ಇರುವುದು ರಾಜಹಂಸಕ್ಕೆ, ಅಂದ್ರೆ ಫ್ಲೆಮಿಂಗೋಗೆ ಮಾತ್ರ. ಹಾಗಾಗಿ ಬೇರೆ ಸಣ್ಣ ಹಕ್ಕಿಗಳಿಗೆ ಎಟುಕದ ಆಳದಲ್ಲೂ ಇದು ಆರಾಮಾಗಿ ನಡೆದು ನೀರಿನ ಹುಳು, ಸಣ್ಣ ಸೀಗಡಿ, ಗೊದಮೊಟ್ಟೆ ಹೆಕ್ಕುತ್ತದೆ. ರಾತ್ರಿಯೂ ಮೇಯುತ್ತದೆ. ಒಣನೆಲದಲ್ಲಿ ಮಾತ್ರ ಏನಾದರೂ ಹೆಕ್ಕಬೇಕಂದ್ರೆ ಇಡೀ ಮೈಯನ್ನು ಮುಂದಕ್ಕೆ ವಾಲಿಸಬೇಕು, ನೋಡಿದರೆ ಈಗ ಮುಗ್ಗರಿಸಿತು ಅನ್ನಿಸುತ್ತದೆ.

ಎಲ್ಲವೂ ವಲಸೆ ಬರುವವಲ್ಲ. ಯುರೋಪಿನಲ್ಲಿ ಮರಿ ಮಾಡುವವು ಚಳಿಗೆ ಆಫ್ರಿಕಾಕ್ಕೆ ಹೋಗುತ್ತವೆ. ಬೆಚ್ಚಗಿನ ಸೀಮೆಯವು ವರ್ಷವಿಡೀ ಅಲ್ಲೇ ಇದ್ದು, ನೀರು ಎಲ್ಲಿದೆಯೋ ಅಲ್ಲಿಗೆ ಸರಿಯುತ್ತವೆ ಅಷ್ಟೇ. ನೀವು ಕಂಡ ಹಿಂಡು ಯಾವುದು ಅಂತ ಸುಮ್ನೆ ನೋಡಿ ಹೇಳಲಾಗದು.

ಗೂಡು ನೆಲದ ಮೇಲೆ, ನೀರಿನ ಪಕ್ಕದಲ್ಲೇ, ಸಾಮಾನ್ಯವಾಗಿ 4 ಮೊಟ್ಟೆ. ಗಂಡು-ಹೆಣ್ಣು ಎರಡೂ ಸರದಿಯಲ್ಲಿ ಸುಮಾರು 22ರಿಂದ 26 ದಿನ ಕಾವು ಕೊಡುತ್ತವೆ. ಬಿಸಿಲು ಜಾಸ್ತಿಯಾದರೆ ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು, ಆ ತೇವದಲ್ಲೇ ಮೊಟ್ಟೆಗಳನ್ನು ತಂಪು ಮಾಡುತ್ತವೆ. ನಾನು ಗಂಟೆಗಟ್ಟಲೆ ದೂರ ಕೂತು ನೋಡಿದ್ದೇನೆ, ಬೇಸರವೇ ಆಗುವುದಿಲ್ಲ. ನೀವು ಹತ್ತಿರ ಹೋದಾಗ ಅವು ಕಿಕ್ ಕಿಕ್ ಅಂತ ಕೂಗುತ್ತಾ ತಲೆಯ ಮೇಲೆ ಸುತ್ತಿದರೆ ಗೂಡೋ ಮರಿಯೋ ಅಲ್ಲೇ ಇದೆ ಅಂತ ಅರ್ಥ. ಕಾಲಿನ ಕೆಳಗೆ ನೋಡಿಕೊಂಡು, ಬಂದ ದಾರಿಯಲ್ಲೇ ಮೆಲ್ಲಗೆ ಹಿಂದೆ ಸರಿಯಿರಿ.