ಮೊದಲು ಮೀನು, ಆಮೇಲೆ ವಿ.ಬಿ.ಎಸ್.

ತಂಗಿ,

ನಿನ್ನ ಪತ್ರ ಎರಡು ಸಲ ಓದಿದೆ. ನಿಮ್ಮ ಮನೆಯವರಿಗೆ ಅಲಾಸ್ಕಾದ ಒಂದು ಚಿಕ್ಕ ಚರ್ಚ್ ಸಭೆಯಿಂದ ಪಾದ್ರಿ ಕೆಲಸಕ್ಕೆ ಕರೆ ಬಂದಿದೆ, ಏಪ್ರಿಲ್ ಕೊನೆಗೆ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಹುಬ್ಬಳ್ಳಿ ಬಿಡುತ್ತೀರಿ. ಸಂತೋಷ. ಹೋಮ್‌ಸ್ಟೆಡ್ ಅಂತ ಜಮೀನು ಪುಕ್ಕಟೆ ಕೊಡುತ್ತಾರಂತೆ, ನಿಜವಾ? ನಾನೂ ಏನಾದರೂ ದುಡಿಯಬಹುದಾ? ಏನೇನು ತರಬೇಕು? ಇಷ್ಟು ಕೇಳಿ ಕೊನೆಗೆ, "ಬೇಸಿಗೆಯಲ್ಲಿ ಅಲ್ಲಿ ಸ್ವಲ್ಪ ಆರಾಮ ಅಲ್ವಾ ಅಕ್ಕಾ? ವಿಡಿಯೋದಲ್ಲಿ ನೋಡಿದೆ, ತೋಟ, ಕೋಳಿ, ಮೀನು, ಮಕ್ಕಳ ಹಾಡು" ಅಂದಿದ್ದೀಯ. ಆ ವಿಡಿಯೋ ಮಾಡಿದಾಕೆ ಅದನ್ನು ಹಾಕಿದ ಮೇಲೆ ಕೂತಲ್ಲೇ ನಿದ್ದೆ ಹೋಗಿರುತ್ತಾಳೆ, ಅದು ಮಾತ್ರ ವಿಡಿಯೋದಲ್ಲಿ ಬಂದಿಲ್ಲ.

ಜಮೀನಿನ ಮಾತು ಮೊದಲು ಮುಗಿಸಿಬಿಡೋಣ. ಪುಕ್ಕಟೆ ಇಲ್ಲ. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ, ಐದು ವರ್ಷ ಅಲ್ಲೇ ಇದ್ದು ಸಾಗುವಳಿ ಮಾಡಿದವರಿಗೆ 160 ಎಕರೆ ತನಕ ಕೊಡುತ್ತಿದ್ದರು. ಬೇರೆ ರಾಜ್ಯಗಳಲ್ಲಿ ಅದು 1976ಕ್ಕೆ ನಿಂತಿತು, ಅಲಾಸ್ಕಾದಲ್ಲಿ 1986ಕ್ಕೆ. ಕೊಟ್ಟ ಜಮೀನೂ ಖಾಲಿ ಬಿದ್ದಿತ್ತು ಅಂದುಕೊಳ್ಳಬೇಡ. ಅಲ್ಲಿ ಮೊದಲೇ ಜನ ಇದ್ದರು. ಈಗ ಹೋಮ್‌ಸ್ಟೆಡ್ ಅನ್ನುವುದು ಒಂದು ಬದುಕಿನ ಹೆಸರು ಅಷ್ಟೇ: ತೋಟ, ಕೋಳಿ, ಸೌದೆ, ಫ್ರೀಜರ್ ತುಂಬ ಮೀನು.

ದುಡಿಮೆಯ ವಿಷಯ. ನಿಮ್ಮವರದು ಆರ್-1 ವೀಸಾ ಅಂದೆ, ಧರ್ಮದ ಕೆಲಸಕ್ಕೆ ಬರುವವರಿಗೆ ಕೊಡುವುದು. ಮೊದಲು ಸಿಗುವುದು 30 ತಿಂಗಳವರೆಗೆ, ಒಟ್ಟು ಐದು ವರ್ಷ ಮೀರುವಂತಿಲ್ಲ. ನಿನ್ನದು ಆರ್-2, ಅವರ ಹೆಂಡತಿ ಮಕ್ಕಳಿಗೆ ಕೊಡುವುದು. ಅದರಲ್ಲಿ ಸಂಬಳದ ಕೆಲಸ ಮಾಡುವಂತಿಲ್ಲ. ಮನೆ ಮುಂದೆ ಮೊಟ್ಟೆ ಮಾರಲು ಇಡುವ ಮೊದಲೂ ವಕೀಲರನ್ನು ಒಂದು ಮಾತು ಕೇಳು. ಹಾಗಂತ ಕೆಲಸಕ್ಕೆ ಬರ ಇಲ್ಲ. ಪಾದ್ರಿ ಹೆಂಡತಿಗೆ ಸಂಬಳ ಇಲ್ಲದ ಕೆಲಸ ಬೆಟಗೇರಿಯಲ್ಲೂ ಅಷ್ಟೇ ಇತ್ತು, ಇಲ್ಲೂ ಅಷ್ಟೇ ಇದೆ.

ನಾವಿರುವುದು ಕಾಪರ್ ನದಿಯ ಬಯಲಿನಲ್ಲಿ, ಗ್ಲೆನ್ನಾಲೆನ್ ಹತ್ತಿರ. ಆಂಕರೇಜ್ ಇಲ್ಲಿಂದ 300 ಕಿಲೋಮೀಟರ್. ದಿನಸಿ ತರೋದು ಅಂದರೆ ಒಂದು ಪ್ರಯಾಣವೇ. ಬಂದು 14 ವರ್ಷ ಆಯಿತು. ಜೂನ್ ನಡುವೆ ಇಲ್ಲಿ ಹಗಲು ಹತ್ತಿರ ಹತ್ತಿರ 20 ತಾಸು, ಉಳಿದದ್ದೂ ಕತ್ತಲೆ ಅಲ್ಲ, ಮುಸ್ಸಂಜೆ. ಮಕ್ಕಳು ರಾತ್ರಿ ಹತ್ತೂವರೆಗೆ "ಇನ್ನೂ ಬಿಸಿಲಿದೆ" ಅಂತ ಹೊರಗೆ ಓಡುತ್ತಾರೆ. ಕಿಟಕಿಗೆ ದಪ್ಪ ಕಂಬಳಿ ಹೊಡೆ, ಇಲ್ಲದಿದ್ದರೆ ವಾರದಲ್ಲಿ ಮನೆಮಂದಿಯೆಲ್ಲ ಜಗಳಗಂಟರಾಗುತ್ತೀರಿ.

ಈಗ ನಮ್ಮ ಮೊದಲ ಬೇಸಿಗೆಯ ಕಥೆ. ಊರಲ್ಲಿ ವಿ.ಬಿ.ಎಸ್. (ರಜೆಯಲ್ಲಿ ಮಕ್ಕಳಿಗೆ ನಡೆಸುವ ಬೈಬಲ್ ಶಾಲೆ) ಅಂದರೆ ಏಪ್ರಿಲ್-ಮೇ ರಜೆ, ನೂರೈವತ್ತು ಮಕ್ಕಳು, ಡೋಲಕ್, ಕೊನೆ ದಿನ ಮೆರವಣಿಗೆ. ಅದೇ ತಲೆಯಲ್ಲಿಟ್ಟುಕೊಂಡು ಇಲ್ಲಿ ಜೂನ್ ಕೊನೆ ವಾರಕ್ಕೆ ದಿನ ಗೊತ್ತು ಮಾಡಿದೆವು. ಟೆಂಟ್ ಹೊಡೆಸಿದೆವು. 40 ಮಕ್ಕಳಿಗೆ ಬಣ್ಣದ ಕಾಗದ, ಪೆನ್ಸಿಲ್, ಶರಬತ್ತು. ಬಂದದ್ದು ಮೂರು ಮಕ್ಕಳು. ಅದರಲ್ಲಿ ಎರಡು ನಮ್ಮವೇ! ನಮ್ಮ ಯಜಮಾನರು ಸಂಜೆ ಟೆಂಟಿನ ಹಗ್ಗ ಬಿಚ್ಚುತ್ತಾ ಒಂದು ಮಾತೂ ಆಡಲಿಲ್ಲ. ನಾನು ಶರಬತ್ತು ಕುಡಿಯುತ್ತಾ ಅತ್ತೆ.

ಮಾರನೇ ದಿನ ಅಂಚೆ ಕಚೇರಿಯಲ್ಲಿ ಒಬ್ಬ ಅಜ್ಜಿ ಸಿಕ್ಕರು. ಅವರು ಅತ್ನಾ ಜನಾಂಗದವರು, ಈ ನದಿ ದಂಡೆಯ ಮೂಲದವರು. "ಮೀನು ಬರೋ ಹೊತ್ತಲ್ಲಿ ಯಾರಾದರೂ ಶಾಲೆ ಇಡ್ತಾರಾ?" ಅಂದು, "ನಾಳೆ ಬಾ" ಅಂತ ಕರೆದರು.

ಹೋದೆವು. ನದಿಯಲ್ಲಿ ಅವರದೊಂದು ಫಿಶ್‌ವೀಲ್ ತಿರುಗುತ್ತಿತ್ತು. ಹಳೇ ಬಾವಿಯ ರಾಟೆ ನೆನಪಿದ್ದರೆ, ಹಾಗೇ. ಆದರೆ ಎತ್ತು ಬೇಡ, ನದಿಯ ಸೆಳೆತವೇ ತಿರುಗಿಸುತ್ತದೆ. ದೊಡ್ಡ ಬುಟ್ಟಿಗಳು ನೀರಿಗೆ ಇಳಿಯುತ್ತವೆ, ಸಾಲ್ಮನ್ ಎತ್ತಿಕೊಂಡು ಮೇಲೆ ಬರುತ್ತವೆ, ಪಕ್ಕದ ಪೆಟ್ಟಿಗೆಗೆ ಜಾರಿಸುತ್ತವೆ. ನೀರಿಗೆ ಸಿಮೆಂಟ್ ಕಲಸಿದ ಬಣ್ಣ, ಹಿಮನದಿಗಳು ಅರೆದ ಕಲ್ಲಿನ ಪುಡಿ ಅದು. ನಮ್ಮ ಸಭೆಗೆ ಬರಬೇಕಾಗಿದ್ದ ಮಕ್ಕಳೆಲ್ಲ ಅಲ್ಲಿದ್ದರು. ಆರು ವರ್ಷದ ಹುಡುಗಿಯ ಕೈಯಲ್ಲೂ ಮೀನು.

ಅಜ್ಜಿ ನನಗೆ ಚಾಕು ಕೊಟ್ಟರು. ನಾನು ಬೆಟಗೇರಿಯವಳು. ಜೋಳ, ಕಡಲೆ, ಮಗ್ಗದ ಸದ್ದು ಗೊತ್ತು, ಮೊಣಕೈಯಷ್ಟು ಉದ್ದದ ಮೀನು ಎಲ್ಲಿಂದ ಗೊತ್ತು? ಮೊದಲ ಮೂರು ಹಾಳು ಮಾಡಿದೆ. ನಾಲ್ಕನೆಯದಕ್ಕೆ ಅವರು ನಗುವುದನ್ನು ನಿಲ್ಲಿಸಿ ನನ್ನ ಮಣಿಕಟ್ಟು ಹಿಡಿದು ತೋರಿಸಿದರು. ಊಟದ ಹೊತ್ತಿಗೆ ಪ್ರಾರ್ಥನೆ ಮಾಡು ಅಂದರು. ಇಂಗ್ಲಿಷಿನಲ್ಲಿ ಶುರು ಮಾಡಿದೆ. "ನಿನ್ನ ಮಾತಲ್ಲಿ ಮಾಡು" ಅಂದರು. ಕನ್ನಡದಲ್ಲಿ ಮಾಡಿದೆ. ಮುಗಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದು, ಚಿಕ್ಕಂದಿನಲ್ಲಿ ತಮ್ಮನ್ನು ಹಾಕಿದ್ದ ಹಾಸ್ಟೆಲ್ ಶಾಲೆಯಲ್ಲಿ ಅತ್ನಾ ಮಾತಾಡಿದ್ದಕ್ಕೆ ಹೊಡೆತ ತಿಂದದ್ದು ಹೇಳಿದರು. ಹೊಡೆದವರು ಕೈಯಲ್ಲಿ ಬೈಬಲ್ ಹಿಡಿದವರೇ.

ನನಗೆ ತಲೆ ಎತ್ತಲು ಆಗಲಿಲ್ಲ. ನಾವು ಬಾಸೆಲ್ ಮಿಶನ್ ಸಭೆಗಳಲ್ಲಿ ಬೆಳೆದವರು. ಕಿಟ್ಟೆಲ್ ಹೆಸರು ಕೇಳದೆ ಯಾರು ದೊಡ್ಡವರಾದರು? 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ 70,000 ಶಬ್ದ. ಅದೇ ಮಿಶನ್ನಿನ ಮೋಗ್ಲಿಂಗ್ 1843ರಲ್ಲೇ ಕನ್ನಡದ ಮೊದಲ ಪತ್ರಿಕೆ ತಂದರು. ಹೊರಗಿಂದ ಬಂದ ಪಾದ್ರಿ ಅಂದರೆ ನಮ್ಮ ಮಾತು ಕಲಿಯುವವನು ಅಂತಲೇ ನಾನು ತಿಳಿದಿದ್ದೆ. ನಮ್ಮ ಪಾಲಿಗೆ ಬಂದದ್ದು ಎಲ್ಲರ ಪಾಲಿಗೂ ಬಂದಿರಲಿಲ್ಲ. ಅತ್ನಾ ಭಾಷೆಗೆ ದೊಡ್ಡ ನಿಘಂಟು ಬಂದದ್ದು 1990ರಲ್ಲಿ, ಜೇಮ್ಸ್ ಕಾರಿ ಎಂಬ ಭಾಷಾತಜ್ಞರ ಕೈಯಿಂದ. 2014ರಲ್ಲಿ ರಾಜ್ಯ ಸರ್ಕಾರ 20 ಮೂಲಭಾಷೆಗಳನ್ನು ಅಧಿಕೃತ ಅಂತ ಒಪ್ಪಿಕೊಂಡಿತು, ಅತ್ನಾವೂ ಅದರಲ್ಲಿದೆ. ಆದರೆ ಸರಾಗವಾಗಿ ಮಾತಾಡುವವರು ಕೆಲವೇ ಹಿರಿಯರು. ನಾನು ಆ ನಿಘಂಟು ಕೊಂಡೆ. ಇವತ್ತಿಗೂ ನನ್ನ ಉಚ್ಚಾರಕ್ಕೆ ಮಕ್ಕಳು ನಗುತ್ತಾರೆ.

ಅಂದಿನಿಂದ ನಮ್ಮ ಬೇಸಿಗೆ ತಿರುಗಿತು. ವಿ.ಬಿ.ಎಸ್. ಈಗ ಶಾಲೆ ಮುಚ್ಚಿದ ಕೂಡಲೇ, ಮೇ ಕೊನೆಗೆ, ಮೂರೇ ದಿನ. ಆಮೇಲೆ ನದಿ. ಯಾರ ಸೌದೆ ಸೀಳಬೇಕು, ಯಾರ ಅಜ್ಜನನ್ನು ಆಸ್ಪತ್ರೆಗೆ ಕರೆದೊಯ್ಯಬೇಕು, ಇದೇ ನಮ್ಮ ಕಾರ್ಯಕ್ರಮ. ನಿಮ್ಮವರನ್ನು ಕರೆದ ಸಭೆಯವರು ಬೇಸಿಗೆಗೆ ಎಂಟು ವಾರದ ಪಟ್ಟಿ ಕಳಿಸಿದ್ದಾರೆ ಅಂದೆ. ಮರ್ಯಾದೆಯಿಂದ ತೆಗೆದುಕೊಂಡು, ಅರ್ಧ ಅಳಿಸಲು ಹೇಳು.

ಮೀನಿಗೆ ಕಾನೂನು ಬಿಗಿ. ಇದೇ ನದಿ ದಂಡೆಯ ಚಿಟಿನಾದಲ್ಲಿ (ಬರೆಯೋದು ಹಾಗೆ, ಜನ ಅನ್ನೋದು ಚಿಟ್ನಾ) ಉದ್ದ ಕೋಲಿನ ದುಂಡು ಬಲೆಯಲ್ಲಿ ಮನೆ ಖರ್ಚಿಗೆ ಮೀನು ಹಿಡಿಯಬಹುದು, ಡಿಪ್‌ನೆಟ್ ಅನ್ನುತ್ತಾರೆ. ಮನೆಯ ಯಜಮಾನರೊಬ್ಬರ ಲೆಕ್ಕಕ್ಕೆ 25, ಉಳಿದ ಒಬ್ಬೊಬ್ಬರಿಗೆ 10. ನಿಮ್ಮ ನಾಲ್ವರಿಗೆ 55. ಜಾಗ ಬಿಡುವ ಮೊದಲೇ ಬಾಲದ ಎರಡೂ ತುದಿ ಕತ್ತರಿಸಿ ಪರ್ಮಿಟ್‌ನಲ್ಲಿ ಬರೆಯಬೇಕು. ಆದರೆ ಇದು 12 ತಿಂಗಳು ಇಲ್ಲೇ ನೆಲೆಸಿದವರಿಗೆ ಮಾತ್ರ. ಮೊದಲ ಬೇಸಿಗೆ ನೀವು ಬಲೆ ಮುಟ್ಟಬೇಡಿ. ಕೊಯ್ಯಲು ಬನ್ನಿ, ಪಾಲು ಒಯ್ಯಿರಿ. ಅಲ್ಲಿ ಸೆಳೆತ ಹುಡುಗಾಟ ಅಲ್ಲ, ದಂಡೆಯಲ್ಲಿ ನಿಂತು ಹಿಡಿಯುವವರು ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತಾರೆ.

ಹಿಡಿದ ಮೀನು ರಾತ್ರಿ ಕಾಯುವುದಿಲ್ಲ. ಅರ್ಧ ಫ್ರೀಜರಿಗೆ, ಸ್ವಲ್ಪ ಹೊಗೆಗೆ, ಉಳಿದದ್ದು ಜಾಡಿಗೆ. ಜಾಡಿಯನ್ನು ನಿನ್ನ ಅನ್ನದ ಕುಕ್ಕರಿನಲ್ಲಿ ಇಡಬೇಡ. ಪ್ರೆಷರ್ ಕ್ಯಾನರ್ ಅಂತ ಬೇರೆ ಪಾತ್ರೆ ಇದೆ, ಅರ್ಧ ಲೀಟರಿನ ಜಾಡಿಗೆ ಪೂರ್ತಿ 100 ನಿಮಿಷ. ಕಡಿಮೆ ಬೇಯಿಸಿದ ಜಾಡಿಯ ವಿಷ ಜೀವ ತೆಗೆಯುತ್ತದೆ. ಮೊದಲ ಸಲ ನಮ್ಮ ಮನೆಯಲ್ಲೇ ಮಾಡೋಣ.

ತೋಟದ ಆಸೆ ಸ್ವಲ್ಪ ಕಡಿಮೆ ಇಟ್ಟುಕೋ. ಪಾಮರ್ ಊರಿನ ಅಲಾಸ್ಕಾ ರಾಜ್ಯ ಮೇಳದಲ್ಲಿ 2012ರಲ್ಲಿ 138 ಪೌಂಡ್ ತೂಗಿದ ಎಲೆಕೋಸು ನೋಡಿರುತ್ತೀಯ. ಅದು ಮಟನುಸ್ಕಾ ಕಣಿವೆ, ತಗ್ಗಿನ ನೆಲ. ನಮ್ಮ ಕಡೆ ಜೂನ್‌ನಲ್ಲೂ ರಾತ್ರಿ ಹೆಪ್ಪುಗಟ್ಟಿ ಬೀನ್ಸ್ ಸುಟ್ಟುಹೋಗಬಹುದು. ಆಲೂಗಡ್ಡೆ, ಗಜ್ಜರಿ, ಕೋಸು ಬರುತ್ತವೆ. ಮೆಂತ್ಯ ಚೆನ್ನಾಗಿ ಬರುತ್ತದೆ, ಅಂಗಡಿಯ ಮಸಾಲೆ ಪೊಟ್ಟಣದಿಂದಲೇ ಬಿತ್ತುತ್ತೇನೆ. ಕೊತ್ತಂಬರಿ ಮಾತ್ರ ಈ ಉದ್ದ ಹಗಲಿಗೆ ಮೋಸ ಹೋಗಿ, ಎಲೆ ಬಿಡುವ ಮೊದಲೇ ಹೂ ಬಿಟ್ಟು ಕೂರುತ್ತದೆ. ಬೇಲಿ ಇಲ್ಲದಿದ್ದರೆ ಕೋಸು ಮೂಸ್ ಎಂಬ ಭಾರಿ ಜಿಂಕೆಗೆ, ಕರೆಂಟ್ ತಂತಿ ಇಲ್ಲದಿದ್ದರೆ ಕೋಳಿ ಕರಡಿಗೆ. ಸೊಳ್ಳೆ ಬಗ್ಗೆ ಬರೆದರೆ ನೀನು ಬರುವುದೇ ಇಲ್ಲ.

ಸೌದೆ ಜೂನ್‌ನಲ್ಲೇ ಸೀಳಿಡಿ, ಒಣಗಲು ಸಮಯ ಬೇಕು. ಇಲ್ಲಿ ಕಾರ್ಡ್ ಲೆಕ್ಕ: 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದದ ಒಟ್ಟಣೆ. ನಮ್ಮ ಮನೆಗೆ ಚಳಿಗಾಲಕ್ಕೆ ಎಂಟು ಬೇಕು. ಆಗಸ್ಟಿನಲ್ಲಿ ಬ್ಲೂಬೆರಿ, ಸೆಪ್ಟೆಂಬರಿನಲ್ಲಿ ಕೆಂಪು ಕ್ರ್ಯಾನ್‌ಬೆರಿ, ಅದರ ಉಪ್ಪಿನಕಾಯಿ ನಮ್ಮ ನೆಲ್ಲಿಕಾಯಿಯದನ್ನು ಮರೆಸುವುದಿಲ್ಲ, ಆದರೆ ರೊಟ್ಟಿಗೆ ನಡೆಯುತ್ತದೆ. ಆ ತಿಂಗಳ ಕೊನೆಯ ಭಾನುವಾರ ಬೆಳೆ ಹಬ್ಬ ಮಾಡುತ್ತೇವೆ, ಊರಿನ ಹಾಗೆ ಏಲಂ ಕೂಗಿ. ಹೋದ ವರ್ಷ ಒಂದು ಕುಂಬಳಕಾಯಿಯನ್ನು ಮೂರು ಸಲ ಮಾರಿದೆವು. ಕೊಂಡವರೆಲ್ಲ ವಾಪಸ್ ಕೊಟ್ಟರು.

ತರಬೇಕಾದ್ದು: ರೊಟ್ಟಿ ಹಂಚು, ಒಳ್ಳೆ ಚಾಕು, ಹಾಡಿನ ಪುಸ್ತಕ, ಮಕ್ಕಳಿಗೆ ಕನ್ನಡ ಅಂಕಲಿಪಿ. ಬೀಜ ತರಬೇಡ, ಏರ್‌ಪೋರ್ಟಿನಲ್ಲಿ ಕಿತ್ತುಕೊಳ್ಳುತ್ತಾರೆ. ಜಾಕೆಟ್ ಅಲ್ಲಿ ಕೊಳ್ಳಬೇಡ, ಇಲ್ಲಿ ಸೆಕೆಂಡ್ ಹ್ಯಾಂಡ್ ಅಂಗಡಿ ಇದೆ.

ಇನ್ನೊಂದು. ಕೋಳಿಮರಿ ಇಲ್ಲಿ ಅಂಚೆಯಲ್ಲಿ ಬರುತ್ತವೆ. ನಿಜ, ತೂತಿನ ರಟ್ಟಿನ ಡಬ್ಬದಲ್ಲಿ. ಬೆಳಗ್ಗೆ ಅಂಚೆಯವರು ಫೋನ್ ಮಾಡಿ "ಬೇಗ ಬನ್ನಿ, ಬಹಳ ಗಲಾಟೆ" ಅನ್ನುತ್ತಾರೆ. ಮೇ ಮಧ್ಯಕ್ಕೆ ನಮ್ಮವು ಬರುತ್ತವೆ. ನಿಮ್ಮ ಪಾಲಿಗೆ ಹತ್ತು ಬರೆಸಲಾ, ಹದಿನೈದಾ? ಮಕ್ಕಳನ್ನು ಕೇಳಿ ಈ ವಾರದಲ್ಲೇ ತಿಳಿಸು.