ಸೊಂಟದ ಮೂಳೆ ತೆಗೆದ ಜಾಗದಲ್ಲಿ ಲೋಹ ಕೂರಿಸಲೇಬೇಕಾ?

ಪ್ರಶ್ನೆ: ನನ್ನ ಯಜಮಾನರಿಗೆ 44 ವರ್ಷ. ಬಲ ಸೊಂಟದ ಮೂಳೆಯಲ್ಲಿ ಕಾಂಡ್ರೋಸಾರ್ಕೋಮಾ ಎಂಬ ಕ್ಯಾನ್ಸರ್ ಗಡ್ಡೆ ಇದೆ. ಕೀಲಿನ ಬಟ್ಟಲಿಗೂ ಹಬ್ಬಿದೆ. ಗಡ್ಡೆ ತೆಗೆದು ತ್ರೀಡಿ ಪ್ರಿಂಟ್ ಮಾಡಿದ ಟೈಟಾನಿಯಂ ಕೂರಿಸೋಣ ಅಂತಾರೆ ಒಬ್ಬ ಡಾಕ್ಟರು. ಇನ್ನೊಬ್ಬರು ಏನೂ ಕೂರಿಸುವುದು ಬೇಡ ಅಂತಾರೆ. ಮೂಳೆಯೇ ಇಲ್ಲದೆ ನಿಲ್ಲುವುದು ಹೇಗೆ? ನಮ್ಮದು ಗದ್ದೆ ಕೆಲಸದ ಮನೆ.
– ಓದುಗರು, ಹಾಸನ ಜಿಲ್ಲೆ

ಉತ್ತರ: ಲೋಹದ ಮಾತು ಆಮೇಲೆ ಆಡೋಣ ತಾಯಿ. ಈ ಗಡ್ಡೆಗೆ ಸಾಮಾನ್ಯವಾಗಿ ಕೀಮೋ ನಾಟುವುದಿಲ್ಲ, ರೇಡಿಯೇಷನ್ನಿಗೂ ಅಷ್ಟಾಗಿ ಬಗ್ಗುವುದಿಲ್ಲ. ಸುತ್ತ ಒಂದಿಷ್ಟು ಒಳ್ಳೆಯ ಭಾಗವನ್ನೂ ಸೇರಿಸಿ ಇಡಿಯಾಗಿ ಕತ್ತರಿಸಿ ತೆಗೆಯುವುದೇ ಮುಖ್ಯ ಚಿಕಿತ್ಸೆ. ಬಯಾಪ್ಸಿ, ಅಂದರೆ ಪರೀಕ್ಷೆಗೆ ಗಡ್ಡೆಯ ಚೂರು ತೆಗೆಯುವಾಗ, ಸೂಜಿ ಹೋದ ದಾರಿಯನ್ನೂ ಅದರ ಜೊತೆ ತೆಗೆಯುತ್ತಾರೆ. ಇನ್ನೂ ಬಯಾಪ್ಸಿ ಆಗಿಲ್ಲದಿದ್ದರೆ ಆಪರೇಷನ್ ಮಾಡುವವರಲ್ಲೇ ಮಾಡಿಸಿ.

ಇನ್ನು ನಿಮ್ಮ ಇಬ್ಬರು ಡಾಕ್ಟರು. ಇಬ್ಬರೂ ತಪ್ಪು ಹೇಳಿಲ್ಲ. ಸೊಂಟದ ಮೂಳೆಯ ಮುಂದಿನ ಕಮಾನಷ್ಟೇ ಹೋದರೆ ಬಹುತೇಕ ಏನೂ ಕೂರಿಸಬೇಕಿಲ್ಲ. ತೊಡೆಮೂಳೆಯ ಗುಂಡು ಕೂರುವ ಬಟ್ಟಲು ಹೋದಾಗಲೇ ತಲೆನೋವು. ಮೈಭಾರ ಕಾಲಿಗೆ ಇಳಿಯುವುದೇ ಅಲ್ಲಿಂದ.

ಟೈಟಾನಿಯಂ ಭಾಗವನ್ನು ಸಿಟಿ ಸ್ಕ್ಯಾನ್ ನೋಡಿ ಒಬ್ಬೊಬ್ಬರ ಅಳತೆಗೆ ಮಾಡುತ್ತಾರೆ. ಎಲ್ಲಿ ಕುಯ್ಯಬೇಕು ಅಂತ ತೋರಿಸಲು ಪ್ಲಾಸ್ಟಿಕ್ಕಿನ ಅಚ್ಚೂ ಬರುತ್ತದೆ. ಅದನ್ನು ಮೂಳೆಯ ಮೇಲಿಟ್ಟರೆ ಒಂದೇ ಕಡೆ ಕಚ್ಚಿಕೊಳ್ಳುತ್ತದೆ, ಗರಗಸ ಆ ಸೀಳಿನಲ್ಲೇ ಓಡಬೇಕು. ಆದರೆ ಇದು ತಯಾರಾಗಲು ವಾರಗಳು ಬೇಕು. ಅಷ್ಟರಲ್ಲಿ ಗಡ್ಡೆ ಬೆಳೆದರೆ ಅಳತೆಯೇ ತಪ್ಪುತ್ತದೆ. ಎಲ್ಲ ಸರಿಹೋದರೆ ಕಾಲಿನ ಉದ್ದ ಹೆಚ್ಚುಕಮ್ಮಿ ಉಳಿಯುತ್ತದೆ, ನಡಿಗೆಯೂ ಚೆನ್ನಾಗಿರುತ್ತದೆ.

ನನಗೆ ಭಯ ಇರುವುದು ಸೋಂಕಿನದು. ತುಂಬಾ ಹೊತ್ತಿನ ಆಪರೇಷನ್, ರಕ್ತ ಜಾಸ್ತಿ ಹೋಗುತ್ತದೆ, ಪಕ್ಕದಲ್ಲೇ ಕರುಳು, ಮೂತ್ರಕೋಶ. ಲೋಹಕ್ಕೆ ಅಂಟಿಕೊಂಡ ಬ್ಯಾಕ್ಟೀರಿಯಾ ಬರೀ ಮಾತ್ರೆ, ಇಂಜೆಕ್ಷನ್ನಿಗೆ ಹೋಗುವುದು ಕಷ್ಟ. ಮತ್ತೆ ಬಿಚ್ಚಬೇಕು. ಕೆಲವೊಮ್ಮೆ ಲೋಹವನ್ನೇ ತೆಗೆಯಬೇಕು. ಕೀಲು ಜಾರುವುದೂ ಉಂಟು.

ಏನೂ ಕೂರಿಸದಿದ್ದರೆ? ತೊಡೆಮೂಳೆಯ ಗುಂಡು ತುಸು ಮೇಲೆ ಸರಿಯುತ್ತದೆ. ತಿಂಗಳುಗಳಲ್ಲಿ ಅದರ ಸುತ್ತ ಗಟ್ಟಿ ಗಾಯದ ಮಾಂಸ ಕೂಡಿಕೊಂಡು ಹಿಡಿದಿಡುತ್ತದೆ. ಕಾಲು ಕೆಲವು ಸೆಂಟಿಮೀಟರ್ ಗಿಡ್ಡ, ಎತ್ತರದ ಅಟ್ಟೆಯ ಚಪ್ಪಲಿ, ಕೈಯಲ್ಲೊಂದು ಕೋಲು. ಕುಂಟು ಇದ್ದೇ ಇರುತ್ತದೆ. ಆದರೂ ಹೀಗೆ ಓಡಾಡಿಕೊಂಡಿರುವವರು ಬೇಕಾದಷ್ಟು ಜನ. ಖರ್ಚೂ ಕಡಿಮೆ. ಮೂರನೇ ದಾರಿಯೂ ಇದೆ: ತೆಗೆದ ಮೂಳೆಗೇ ಹೊರಗೆ ಜೋರು ರೇಡಿಯೇಷನ್ ಕೊಟ್ಟು, ಗಡ್ಡೆಯ ಜೀವಕೋಶ ಸಾಯಿಸಿ, ವಾಪಸ್ ಕೂರಿಸುವುದು. ನಮ್ಮ ದೇಶದಲ್ಲಿ ಇದನ್ನು ಮಾಡುತ್ತಾರೆ. ಆದರೆ ಗಡ್ಡೆ ಮೂಳೆಯನ್ನು ಪೂರಾ ತಿಂದುಹಾಕಿದ್ದರೆ ಇದು ಆಗದು.

ನಾನಾಗಿದ್ದರೆ ಇಬ್ಬರು ಡಾಕ್ಟರನ್ನೂ ಇದನ್ನೇ ಕೇಳುತ್ತಿದ್ದೆ: ಇಂಥ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ? ಎಷ್ಟು ಜನಕ್ಕೆ ಲೋಹ ವಾಪಸ್ ತೆಗೆಯಬೇಕಾಯಿತು? ಕೇಳಲು ಸಂಕೋಚ ಬೇಡ, ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ.

ಗದ್ದೆಯ ಕೆಸರಿಗೆ ಇಳಿಯುವ ಆಸೆ ಮಾತ್ರ ಯಾವ ದಾರಿ ಹಿಡಿದರೂ ಇಟ್ಟುಕೊಳ್ಳಬೇಡಿ. ಬದುವಿನ ಮೇಲೆ ನಿಂತು ಕೆಲಸ ಮಾಡಿಸಬಹುದು. ಕುಕ್ಕರಗಾಲಲ್ಲಿ ಕೂರುವುದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕುವುದು ಮುಗಿಯಿತು ಅಂದುಕೊಳ್ಳಿ. ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ಅವರು ಆಸ್ಪತ್ರೆಗೆ ಸೇರುವ ಮುಂಚೆಯೇ ಹಾಕಿಸಿ, ಪಕ್ಕದ ಗೋಡೆಗೊಂದು ಹಿಡಿಕೆಯೂ ಇರಲಿ.