ಕಣ್ಣೂರೋ ಬೆಂಗಳೂರೋ? ವಿಮಾನ ಪ್ರಯಾಣದ ಪ್ರಶ್ನೋತ್ತರ

ಪ್ರಶ್ನೆ: ಮಗ ಅಬುಧಾಬಿಯಲ್ಲಿದ್ದಾನೆ. ನಮಗೆ ಕಣ್ಣೂರು ವಿಮಾನ ನಿಲ್ದಾಣವೇ ಹತ್ತಿರ ಅನ್ನುತ್ತಾರೆ. ಬೆಂಗಳೂರು ಬಿಟ್ಟು ಅಲ್ಲಿಂದ ಹೋಗಬಹುದೆ?
– ಓದುಗರು, ಹುಣಸೂರು

ಉತ್ತರ: ಕೊಲ್ಲಿ ದೇಶಗಳಿಗಾದರೆ ಧಾರಾಳವಾಗಿ ಹೋಗಿ. ನಿಲ್ದಾಣ ಇರುವುದು ಕಣ್ಣೂರು ಪಟ್ಟಣದಲ್ಲಲ್ಲ, ಅದಕ್ಕೂ ಈಚೆ ಮಟ್ಟನ್ನೂರಿನಲ್ಲಿ. ಗೋಣಿಕೊಪ್ಪ, ವಿರಾಜಪೇಟೆ, ಮಾಕುಟ್ಟ, ಇರಿಟ್ಟಿ ಮಾರ್ಗವಾಗಿ ನಿಮ್ಮಲ್ಲಿಂದ ಸುಮಾರು 115 ಕಿ.ಮೀ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣ ಹೆಚ್ಚುಕಡಿಮೆ ಇದರ ಎರಡರಷ್ಟು ದೂರ. 2018ರ ಡಿಸೆಂಬರ್ 9ರಂದು ಕಣ್ಣೂರು ನಿಲ್ದಾಣ ಶುರುವಾದಾಗ ಮೊದಲ ವಿಮಾನ ಹಾರಿದ್ದೇ ಅಬುಧಾಬಿಗೆ. ಆದರೆ ಅಲ್ಲಿಂದ ಹಾರುವುದು ಭಾರತದ ಸಂಸ್ಥೆಗಳ ವಿಮಾನಗಳು ಮಾತ್ರ, ಸಂಖ್ಯೆಯೂ ಕಡಿಮೆ. ಒಂದು ರದ್ದಾದರೆ ಅದೇ ದಿನ ಇನ್ನೊಂದು ಸಿಗುವ ಭರವಸೆ ಇಟ್ಟುಕೊಳ್ಳಬೇಡಿ. ಯುರೋಪು, ಅಮೆರಿಕಕ್ಕೆ ಹೊರಡುವವರು ಬೆಂಗಳೂರನ್ನೇ ಹಿಡಿಯುವುದು ಮೇಲು.

ಚಿಂತೆ ಮಾಡಬೇಕಾದದ್ದು ಮಾಕುಟ್ಟ ಘಾಟಿಯದು. 2018ರ ಮಳೆಗಾಲದಲ್ಲಿ ಗುಡ್ಡ ಕುಸಿದು ಈ ರಸ್ತೆಯೇ ಮುಚ್ಚಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವ ಹಿಂದಿನ ದಿನ ವಿರಾಜಪೇಟೆ ಕಡೆಯವರನ್ನು ವಿಚಾರಿಸಿಕೊಳ್ಳಿ. ಚಾಲಕ ಎಚ್.ಡಿ. ಕೋಟೆ, ಬಾವಲಿ ಮೇಲೆ ಹೋಗೋಣ ಅಂದರೆ ಒಪ್ಪಬೇಡಿ. ಆ ಕಾಡಿನ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಂದ್. ಬಾಡಿಗೆ ಕಾರಿಗೆ ಆಲ್ ಇಂಡಿಯಾ ಪರ್ಮಿಟ್ ಇದೆಯೇ ಎಂದೂ ಮೊದಲೇ ಕೇಳಿ, ಗಡಿಯಲ್ಲಿ ತಡವಾಗುವುದು ತಪ್ಪುತ್ತದೆ. ಹೊತ್ತಿನ ಲೆಕ್ಕ ಹೀಗಿರಲಿ: ದಾರಿಗೆ 3 ಗಂಟೆ, ಮಳೆಗಾಲಕ್ಕೆಂದು ಇನ್ನೊಂದು ಗಂಟೆ, ನಿಲ್ದಾಣದಲ್ಲಿ 3 ಗಂಟೆ. ವಿದೇಶಿ ಪ್ರಯಾಣದ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ವಿಮಾನ ಹೊರಡುವ ಒಂದು ಗಂಟೆ ಮುಂಚೆಯೇ ಮುಚ್ಚುತ್ತದೆ.

ಪ್ರಶ್ನೆ: ಮಗಳ ಬಾಣಂತನಕ್ಕೆ ದುಬೈಗೆ ಹೊರಟಿದ್ದೇನೆ. ಅಂಟಿನುಂಡೆ, ಕೊಬ್ಬರಿ, ತುಪ್ಪ, ಸಾರಿನ ಪುಡಿ, ವೀಳ್ಯದೆಲೆ ಒಯ್ಯಬಹುದೆ? ನಾನು ಓದಿದ್ದು ಏಳನೇ ತರಗತಿ. ಪಾಸ್‌ಪೋರ್ಟಿನಲ್ಲಿ ಇಸಿಆರ್ ಅಂತ ಇದೆ, ತಡೆಯುತ್ತಾರೆಯೆ?
– ಓದುಗರು, ಮದ್ದೂರು

ಉತ್ತರ: ಗಸಗಸೆಯಿಂದ ಶುರು ಮಾಡೋಣ, ಏಕೆಂದರೆ ಇದು ಜೈಲಿನವರೆಗೂ ಹೋಗುವ ವಿಷಯ. ಅಫೀಮಿನ ಗಿಡದ ಬೀಜವಾದ್ದರಿಂದ ಯುಎಇಯಲ್ಲಿ ಗಸಗಸೆ ನಿಷಿದ್ಧ. ಪೊಟ್ಟಣ ಕಟ್ಟಿ ಒಯ್ಯದಿದ್ದರೆ ಸಾಲದು. ಅಂಟಿನುಂಡೆಗೂ ಹಾಕಬೇಡಿ, ಮಸಾಲೆ ಪುಡಿಗೂ ಬೆರೆಸಬೇಡಿ. ಬೇರೆಯವರು ಮಾಡಿಕೊಟ್ಟ ಪುಡಿಯಾದರೆ ಏನೇನು ಹಾಕಿದ್ದಾರೆಂದು ಕೇಳಿಯೇ ತೆಗೆದುಕೊಳ್ಳಿ. ವೀಳ್ಯದೆಲೆಯೂ ಅಲ್ಲಿನ ಕಸ್ಟಮ್ಸ್ ನಿಷೇಧಿಸಿದ ಪಟ್ಟಿಯಲ್ಲಿದೆ.

ಕೊಬ್ಬರಿಗೆ ತಡೆ ಬೀಳುವುದು ನಮ್ಮ ನಿಲ್ದಾಣದಲ್ಲೇ. ಎಣ್ಣೆಯಂಶ ಹೆಚ್ಚಿರುವ ಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ಅದನ್ನು ಅಪಾಯಕಾರಿ ಸರಕಿಗೆ ಸೇರಿಸಿದ್ದಾರೆ. ಎಕ್ಸ್‌ರೇಯಲ್ಲಿ ಕಂಡರೆ ಬ್ಯಾಗ್ ಪಕ್ಕಕ್ಕಿಟ್ಟು ನಿಮ್ಮನ್ನು ಕರೆಸಿ ತೆಗೆಸುತ್ತಾರೆ, ಅರ್ಧ ಗಂಟೆ ಅಲ್ಲೇ ಹೋಗುತ್ತದೆ. ಮಗಳಿಗೆ ಕೊಬ್ಬರಿ ದುಬೈ ಅಂಗಡಿಯಲ್ಲೇ ಸಿಗುತ್ತದೆ.

ತುಪ್ಪ, ಉಪ್ಪಿನಕಾಯಿ ಚೆಕ್-ಇನ್ ಬ್ಯಾಗಿಗೆ. ಕೈಚೀಲದಲ್ಲಿ 100 ಮಿ.ಲೀ. ಮೀರಿದ ಡಬ್ಬಿ ಬಿಡುವುದಿಲ್ಲ. ತುಪ್ಪ ಎಷ್ಟು ಕೆ.ಜಿ. ಎಂಬುದು ವಿಮಾನ ಸಂಸ್ಥೆಯ ನಿಯಮ, ಟಿಕೆಟ್ ಮಾಡಿಸುವಾಗಲೇ ಕೇಳಿ. ಡಬ್ಬಿಯನ್ನು ಕಂಠಮಟ್ಟ ತುಂಬಬೇಡಿ, ಒಂದಿಂಚು ಖಾಲಿ ಬಿಡಿ. ಮುಚ್ಚಳಕ್ಕೆ ಟೇಪು ಸುತ್ತಿ, ಎರಡು ಪಾಲಿಥೀನ್ ಕವರಿಗೆ ಹಾಕಿ ಸೀರೆಗಳ ನಡುವೆ ಇಡಿ. ಮೊಬೈಲಿನ ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು.

ಇಸಿಆರ್ ಅಂದರೆ ವಲಸೆ ಅನುಮತಿ ಬೇಕು ಎಂಬ ಗುರುತು, ಅದರ ಬಗ್ಗೆ ಗಾಬರಿ ಬೇಡ. ಆ ಅನುಮತಿ ಬೇಕಾಗುವುದು ಕೆಲಸಕ್ಕೆ ಹೋಗುವವರಿಗೆ; ಭೇಟಿ ವೀಸಾದವರಿಗಲ್ಲ. ವಾಪಸ್ ಟಿಕೆಟ್, ಮಗಳ ವೀಸಾ ಪ್ರತಿ, ಅವಳ ವಿಳಾಸ, ಫೋನ್ ನಂಬರ್ ಕೈಯಲ್ಲಿರಲಿ. ಕೇಳಿದರೆ ಬಾಣಂತನಕ್ಕೆ ಹೋಗುತ್ತಿದ್ದೇನೆಂದು ನೇರವಾಗಿ ಹೇಳಿ.

ಪ್ರಶ್ನೆ: ಮೈಸೂರಿನ ಮಂಡಕಳ್ಳಿಯಿಂದಲೇ ವಿದೇಶಕ್ಕೆ ವಿಮಾನ ಯಾಕಿಲ್ಲ?
– ಓದುಗರು, ಸರಸ್ವತಿಪುರಂ

ಉತ್ತರ: ರನ್‌ವೇ 1,740 ಮೀಟರ್ ಅಷ್ಟೆ, ಕಣ್ಣೂರಿನದು 3,050. ಎಟಿಆರ್‌ನಂಥ ಸಣ್ಣ ವಿಮಾನಕ್ಕೆ ಇದು ಸಾಕು, ಏರ್‌ಬಸ್ 320 ತುಂಬು ಭಾರದಲ್ಲಿ ಮೇಲೇರಲು ಸಾಲದು. ಉದ್ದ ಮಾಡೋಣವೆಂದರೆ ನಂಜನಗೂಡು ಹೆದ್ದಾರಿ, ರೈಲು ಹಳಿ ಅಡ್ಡ ಬರುತ್ತವೆ.

ಪ್ರಶ್ನೆ: ತಂದೆಗೆ 78 ವರ್ಷ, ಹೆಚ್ಚು ನಡೆಯಲಾರರು. ಬೆಂಗಳೂರಿನಿಂದ ವಿಮಾನ. ಗಾಲಿಕುರ್ಚಿ ಸಿಗುತ್ತದೆಯೆ?
– ಓದುಗರು, ಮಂಡ್ಯ

ಉತ್ತರ: ಸಿಗುತ್ತದೆ, ಆದರೆ ಕೊಡಬೇಕಾದವರು ವಿಮಾನ ಸಂಸ್ಥೆಯವರು. 48 ಗಂಟೆ ಮುಂಚೆಯೇ ಹೇಳಿ ಟಿಕೆಟ್ಟಿನಲ್ಲಿ ನಮೂದಾಗಿದೆಯೇ ನೋಡಿ. ತಂದೆಯವರು ವಿಮಾನದ ಮೆಟ್ಟಿಲು ಹತ್ತಬಲ್ಲರೆ, ಸೀಟಿನವರೆಗೆ ನಡೆಯಬಲ್ಲರೆ ಎಂಬುದನ್ನೂ ತಿಳಿಸಿ. ಬರೀ ಕುರ್ಚಿ ಬೇಕು ಅಂದರೆ ಕುರ್ಚಿ ಮೆಟ್ಟಿಲ ಬುಡದಲ್ಲೇ ನಿಲ್ಲಬಹುದು. ಮೈಸೂರಿನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೋಗುವ ಕೆಎಸ್‌ಆರ್‌ಟಿಸಿ ಫ್ಲೈಬಸ್ ಮಂಡ್ಯದ ಮೇಲೆಯೇ ಹೋಗುತ್ತದೆ. ವಿದೇಶಿ ಪ್ರಯಾಣವಾದರೆ ಎರಡನೇ ಟರ್ಮಿನಲ್‌ನಲ್ಲಿ ಇಳಿಯಿರಿ.